ಕಣ್ಣು ಮುಚ್ಕೊಂಡು ಕೇಳಿದ್ರೂ ಅರ್ಥ ಆಗೋ ವಿಡಿಯೋ: ಕ್ರೌನ್ಸ್‌ವಿಲ್ ಜಾತ್ರೆ ಶೂಟ್ ಮಾಡಿದ ಕಥೆ

ಅಮ್ಮಂಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಒಂದು ಕಣ್ಣು ಚೆನ್ನಾಗಿ ಬಂತು, ಇನ್ನೊಂದು ಅಷ್ಟಕ್ಕಷ್ಟೇ. ಹೊಸಪೇಟೆಗೆ ನಾನು ಇಲ್ಲಿ ಅಮೆರಿಕದಿಂದ ವಿಡಿಯೋ ಕಳಿಸಿದ್ರೆ ಅವ್ರು ಫೋನನ್ನ ಎದೆ ಮೇಲೆ ಇಟ್ಕೊಂಡು ಕಣ್ಣು ಮುಚ್ಚಿ ಕೇಳ್ತಾರೆ, ಅಪ್ಪ ಪಕ್ಕದಲ್ಲಿ ಕೂತು ಏನು ಕಾಣ್ತಿದೆ ಅಂತ ಹೇಳ್ತಾರೆ. ಹಂಗಾಗಿ ಈ ಸಲ ಮೇರಿಲ್ಯಾಂಡ್ ರೆನೈಸಾನ್ಸ್ ಫೆಸ್ಟಿವಲ್‌ಗೆ ಹೋಗಿ ವಿಡಿಯೋ ಮಾಡೋಣ ಅಂದಾಗ ನಾನು ಒಂದೇ ಒಂದು ಷರತ್ತು ಹಾಕ್ಕೊಂಡೆ, ಸ್ಕ್ರೀನ್ ನೋಡ್ದೇನೇ ಅಮ್ಮಂಗೆ ಜಾತ್ರೆ ಪೂರ್ತಿ ಗೊತ್ತಾಗ್ಬೇಕು. ಸಬ್‌ಟೈಟಲ್ ಇಲ್ಲ, ಮೇಲೆ ಬರೋ ಅಕ್ಷರ ಇಲ್ಲ. ಶಬ್ದ ಮತ್ತೆ ನನ್ನ ಮಾತು, ಅಷ್ಟೇ.

ಇದನ್ನ ಮುಗಿಸೋಕೆ ಎರಡು ಸಲ ಜಾತ್ರೆಗೆ ಹೋಗ್ಬೇಕಾಯ್ತು, ಆರು ವಾರದ ರಾತ್ರಿಗಳು ಹೋದ್ವು. ಇನ್ನೊಬ್ರಿಗೆ ಉಪಯೋಗ ಆಗ್ಲಿ ಅಂತ ಮಾಡಿದ್ದೆಲ್ಲ ಬರೀತಿದ್ದೀನಿ, ಯಾಕಂದ್ರೆ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಕ್ಯಾಮೆರಾ ಬಗ್ಗೆ, ಶಬ್ದದ ಬಗ್ಗೆ ಕನ್ನಡದಲ್ಲಿ ಹೇಳೋರು ನನಗೆ ಸಿಗ್ಲಿಲ್ಲ.

ಮೊದಲು ಈ ಜಾತ್ರೆ ಏನು ಅಂತ ಒಂದು ಮಾತು. ಅಮೆರಿಕದಲ್ಲಿ ಹಿಂಗೆ ಹಳೇ ಯುರೋಪಿನ ಕಾಲಾನ ವೇಷ ಹಾಕಿ ಆಡಿ ತೋರಿಸೋ ಜಾತ್ರೆ ಶುರು ಆಗಿದ್ದು 1963ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ, ಕೆಪಿಎಫ್‌ಕೆ ಅನ್ನೋ ರೇಡಿಯೋಗೆ ಹಣ ಸೇರಿಸೋಕೆ ಫಿಲಿಸ್ ಮತ್ತು ರಾನ್ ಪ್ಯಾಟರ್ಸನ್ ದಂಪತಿ ಮಾಡಿದ್ದು. ಮೇರಿಲ್ಯಾಂಡ್‌ದು 1977ರಲ್ಲಿ ಶುರು ಆಗಿ 1985ರಿಂದ ಅನಾಪೊಲಿಸ್ ಹತ್ತಿರದ ಕ್ರೌನ್ಸ್‌ವಿಲ್‌ನಲ್ಲಿ ನಡೀತಿದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಶನಿವಾರ ಭಾನುವಾರ. ಮರಗಳ ಮಧ್ಯೆ ಒಂದು ಹಳೇ ಇಂಗ್ಲಿಷ್ ಹಳ್ಳಿ ಕಟ್ಟಿಟ್ಟಿದ್ದಾರೆ, ಅದಕ್ಕೆ ರೆವೆಲ್ ಗ್ರೋವ್ ಅಂತ ಹೆಸರು, ಇಂಗ್ಲೆಂಡಿನ 8ನೇ ಹೆನ್ರಿ ರಾಜನ ಆಳ್ವಿಕೆಯ ಒಂದೊಂದು ವರ್ಷವನ್ನ ಒಂದೊಂದು ಸೀಸನ್‌ನ ಕಥೆ ಮಾಡ್ಕೊಂಡು ಬಂದಿದ್ದಾರೆ. ರಾಜ ರಾಣಿ ಬೀದೀಲಿ ಓಡಾಡ್ತಾರೆ, ಅಂಗಡಿಯವ್ರೂ ಹಳೇ ಇಂಗ್ಲಿಷಲ್ಲಿ ಮಾತಾಡ್ತಾರೆ, ಬಂದ ಜನ ಅರ್ಧಕ್ಕರ್ಧ ವೇಷ ಹಾಕ್ಕೊಂಡೇ ಬಂದಿರ್ತಾರೆ. ನಮ್ಮ ಜಾತ್ರೆಗೂ ಇದಕ್ಕೂ ಇರೋ ಒಂದು ದೊಡ್ಡ ವ್ಯತ್ಯಾಸ ಅಂದ್ರೆ ಇಲ್ಲಿ ದೇವ್ರಿಲ್ಲ, ತೇರಿಲ್ಲ. ಉಳಿದಿದ್ದು ಧೂಳು, ಬೆಂಡು ಬತ್ತಾಸಿನ ಬದಲು ಹುರಿದ ಬಾದಾಮಿ, ಹೆಗಲ ಮೇಲೆ ಕೂತ ಮಕ್ಕಳು, ಎಲ್ಲ ಹಂಗೇ.

ಸಾಮಾನು

ಹೊಸದಾಗಿ ತಗೊಂಡಿದ್ದು ಬರೀ ಎರಡು. ಒಂದು ವೈರ್ ಇರೋ ಕಾಲರ್ ಮೈಕ್, ಇನ್ನೊಂದು ಒಂದು ಗಜ ಕೃತಕ ತುಪ್ಪಳದ ಬಟ್ಟೆ. ಕ್ಯಾಮೆರಾ ನನ್ನ ಐಫೋನ್. ರೆಕಾರ್ಡರ್ ಅಂದ್ರೆ ನಮ್ಮನೆಯವ್ರ ಹಳೇ ಫೋನು, ಸ್ಕ್ರೀನ್ ಬಿರುಕು ಬಿಟ್ಟಿದೆ ಆದ್ರೆ ಮೈಕ್ ಹಾಕೋ ತೂತು ಇದೆ, ಅದೇ ಬೇಕಿತ್ತು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಶನ್, ಮನೇಲಿದ್ದ ಲ್ಯಾಪ್‌ಟಾಪ್.

ತುಪ್ಪಳ ಯಾಕೆ ಅಂದ್ರೆ, ಮೈಕ್ ಒಳಗೆ ತೆಳು ಪೊರೆ ಇರುತ್ತೆ, ಗಾಳಿ ನೇರ ಬಂದು ಅದಕ್ಕೆ ಬಡಿದ್ರೆ ಭರ್ರ್ ಅನ್ನೋ ಸದ್ದು ಬಿಟ್ಟು ಬೇರೇನೂ ಕೇಳಲ್ಲ. ಮೈಕ್ ಜೊತೆ ಬರೋ ಕರೀ ಸ್ಪಂಜು ಬಾಯಿಂದ ಬರೋ ಉಸಿರಿಗೆ ಸಾಕು, ಬಯಲಿನ ಗಾಳಿಗೆ ಸಾಲಲ್ಲ. ಉದ್ದ ಕೂದಲಿನ ಬಟ್ಟೆ ಹಾಕಿದ್ರೆ ಗಾಳಿ ಕೂದಲಲ್ಲೇ ಸಿಕ್ಕಿ ವೇಗ ಕಳ್ಕೊಳ್ಳುತ್ತೆ, ಶಬ್ದ ಮಾತ್ರ ಒಳಗೆ ಬರುತ್ತೆ.

ನಾನು ಮೊದಲು ಹೊಲಿದ ಚೀಲ ಕೆಲಸಕ್ಕೆ ಬರ್ಲಿಲ್ಲ. ಗಾಳಿ ನಿಂತ್ತು, ಆದ್ರೆ ಮಾತು ಕಂಬಳಿ ಒಳಗಿಂದ ಬಂದಂಗೆ ಕೇಳ್ತಿತ್ತು. ಕಾರಣ ಕೂದಲಲ್ಲ, ಕೂದಲ ಹಿಂದಿನ ನೇಯ್ಗೆ. ನಾನು ತಂದ ಬಟ್ಟೆ ಹಿಂದೆ ದಪ್ಪ, ಅಂಟು ಬಳಿದಂಗಿತ್ತು. ಅಂಗಡಿಗೆ ವಾಪಸ್ ಹೋಗಿ ಬಟ್ಟೇನ ಹಿಂದಿನಿಂದ ಬಾಯಿಗೆ ಹಿಡಿದು ಊದಿ ನೋಡ್ದೆ, ಉಸಿರು ಸಲೀಸಾಗಿ ಆ ಕಡೆ ಹೋಗ್ಬೇಕು. ನಾಲ್ಕು ಬಟ್ಟೆ ನೋಡಿದ್ಮೇಲೆ ಹೆಣಿಗೆ ಥರ ಸಡಿಲ ಇರೋದು ಸಿಕ್ತು. ಸ್ಪಂಜಿನ ಸುತ್ತಳತೆಗಿಂತ ಒಂದು ಬೆರಳು ಸಡಿಲ ಬಿಟ್ಟು ಕತ್ತರಿಸಿ (ಕೂದಲು ಕತ್ತರಿಸಬಾರದು, ಹಿಂದಿನಿಂದ ಬ್ಲೇಡಲ್ಲಿ ಬಟ್ಟೆ ಮಾತ್ರ ಸೀಳ್ಬೇಕು), ಒಳಮಗ್ಗುಲು ಹೊರಗೆ ಮಾಡಿ ಕೈ ಹೊಲಿಗೆ ಹಾಕಿ, ಬುಡಕ್ಕೆ ಲಂಗದ ಲಾಡಿ ಥರ ದಾರ ಪೋಣಿಸಿ ಬಿಗಿದೆ. ಟೇಬಲ್ ಫ್ಯಾನ್ ಮುಂದೆ ಹಿಡಿದು ಮಗನ ಕೈಲಿ ಒಂದರಿಂದ ಇಪ್ಪತ್ತು ಎಣಿಸಿ ಹೇಳಿಸ್ದೆ. ಸ್ಪಂಜು ಮಾತ್ರ ಇದ್ದಾಗ ಏಳೆಂಟು ಅಂಕಿ ಕೇಳೇ ಇರ್ಲಿಲ್ಲ, ಹೊಸ ಚೀಲದಲ್ಲಿ ಇಪ್ಪತ್ತೂ ಕೇಳಿದ್ವು.

ಇನ್ನೊಂದು ಮಾಡಿದ್ದು ಹಗ್ಗದ ಸ್ಟ್ಯಾಂಡ್. ಆ ಜನಜಂಗುಳೀಲಿ ಟ್ರೈಪಾಡ್ ಹರಡ್ಕೊಂಡು ನಿಲ್ಲೋದು ಸರಿಯಲ್ಲ ಅನ್ನಿಸ್ತು. ಫೋನ್ ಹೋಲ್ಡರ್ ಕೆಳಗೆ ಟ್ರೈಪಾಡ್ ಕೂರಿಸೋ ತೂತಿರುತ್ತೆ, ಅದಕ್ಕೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಕಾಲಿಂಚಿನ ಬೋಲ್ಟ್ ಸರಿಯಾಗಿ ಕೂರುತ್ತೆ, ಇಂಚಿಗೆ 20 ಸುತ್ತಿನ ಥ್ರೆಡ್ ಇರೋದೇ ಬೇಕು. ಬೋಲ್ಟಿಗೆ ನೈಲಾನ್ ದಾರ ಕಟ್ಟಿ ಇನ್ನೊಂದು ತುದೀನ ಕಾಲಲ್ಲಿ ತುಳ್ಕೊಂಡು ಫೋನನ್ನ ಮೇಲಕ್ಕೆ ಎಳ್ಕೊಂಡು ಹಿಡಿದ್ರೆ ಕೈ ಮೇಲೆ ಕೆಳಗೆ ನಡುಗೋದು ನಿಲ್ಲುತ್ತೆ. ಪಕ್ಕಕ್ಕೆ ಸ್ವಲ್ಪ ತೂಗುತ್ತೆ, ಆದ್ರೆ ಕಣ್ಣಿಗೆ ತೊಂದ್ರೆ ಕೊಡಲ್ಲ. ಖರ್ಚು ಎರಡು ಡಾಲರ್ ಒಳಗೆ. ಇದನ್ನ ಎಲ್ರೂ ಮಾಡ್ಕೊಳ್ಳಿ.

ಮೊದಲ ಶನಿವಾರ

ಇಷ್ಟೆಲ್ಲ ಮಾಡ್ಕೊಂಡು ಹೋದ್ರೂ ಮೊದಲ ದಿನದ್ದರಲ್ಲಿ ಬಳಸೋಕಾಗಿದ್ದು ಬರೀ ಒಂದೂವರೆ ನಿಮಿಷ.

ಕಾಡಿನ ಮಧ್ಯದ ಜಾತ್ರೆ ಆದ್ರಿಂದ ಎಲೆ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತೆ, ಒಬ್ರ ಮುಖ ನೆರಳಿಂದ ಬಿಸಿಲಿಗೆ ಬಂದ್ರೆ ಫೋನು ಇಡೀ ಚಿತ್ರಾನ ಕತ್ಲೆ ಮಾಡುತ್ತೆ, ಮತ್ತೆ ನೆರಳಿಗೆ ಹೋದ್ರೆ ಬೆಳಕು ಮಾಡುತ್ತೆ, ಹಿಂಗೆ ಉಸಿರಾಡ್ತಾನೇ ಇರುತ್ತೆ. ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಗುರುತನ್ನ ಸ್ವಲ್ಪ ಕೆಳಗೆ ಎಳೆದಿಟ್ರೆ ಮುಗೀತು, ಆದ್ರೆ ನನಗದು ಹೊಳೆದಿದ್ದು ಮಧ್ಯಾಹ್ನ. ಅಷ್ಟೊತ್ತಿಗೆ ಫೋನೇ ತುಂಬಿತ್ತು. 4ಕೆ, ಸೆಕೆಂಡಿಗೆ 60 ಫ್ರೇಮ್ (ಅಂದ್ರೆ 60 ಚಿತ್ರ) ಇಟ್ಟಿದ್ದೆ, ಅದಕ್ಕೆ ನಿಮಿಷಕ್ಕೆ 400 ಎಂಬಿ ಬೇಕು. 60 ಜಿಬಿ ಖಾಲಿ ಇದ್ದದ್ದು 150 ನಿಮಿಷಕ್ಕೆ ಸರಿಹೋಯ್ತು. 30 ಫ್ರೇಮ್‌ಗೆ ಇಳಿಸಿದ್ರೆ ನಿಮಿಷಕ್ಕೆ 170 ಎಂಬಿ, ಅದೇ ಜಾಗದಲ್ಲಿ 350 ನಿಮಿಷ. ನಡೆದಾಡೋ ಜನಕ್ಕೆ 60 ಫ್ರೇಮ್ ಬೇಕಾಗೇ ಇರ್ಲಿಲ್ಲ.

ಇದೆಲ್ಲ ಚಿತ್ರದ ತಪ್ಪು, ಅಮ್ಮಂಗೆ ಸಂಬಂಧ ಇಲ್ಲದ್ದು. ದೊಡ್ಡ ತಪ್ಪು ಶಬ್ದದ್ದು. ನಾನು ಎಲ್ಲಾ ಕಡೆ ನಡ್ಕೊಂಡೇ ರೆಕಾರ್ಡ್ ಮಾಡಿದ್ದೆ. ಜಲ್ಲಿ ದಾರಿ ಅದು, ನನ್ನ ಹೆಜ್ಜೆ ಸದ್ದು ಎಲ್ಲಕ್ಕಿಂತ ಜೋರು. ಒಂದು ಕಡೆ ಪೀಪಿ, ಇನ್ನೊಂದು ಕಡೆ ಡೋಲು, ಮಧ್ಯೆ ಯಾರೋ ಕೂಗೋದು, ಎಲ್ಲ ಕಲಸಿ ಗೊಜ್ಜು.

ಆವತ್ತು ರಾತ್ರಿ (ಅಲ್ಲಿ ಬೆಳಗ್ಗೆ) ಅಮ್ಮಂಗೆ ಫೋನ್ ಮಾಡಿ ನಾಲ್ಕು ನಿಮಿಷದ ತುಣುಕಿನ ಆಡಿಯೋ ಮಾತ್ರ ಕೇಳಿಸ್ದೆ, ಏನೂ ಹೇಳ್ದೆ. ಮುಗಿದ್ಮೇಲೆ ಅಮ್ಮ ಸುಮ್ನೆ ಇದ್ರು, ಆಮೇಲೆ "ಸಂತಿಗೆ ಹೋಗಿದ್ದೇನವ್ವಾ, ಭಾಳ ಗದ್ಲ ಐತೆ, ಮಧ್ಯದಾಗ ಏನೋ ಕಬ್ಣ ಬಡಿಯೋದು ಕೇಳಿಸ್ತು, ಅದೇನು?" ಅಂದ್ರು.

ಕಬ್ಬಿಣ ಬಡಿಯೋದು! ಕಮ್ಮಾರನ ಅಂಗಡಿ ಮುಂದೆ ನಾನು ನಿಂತಿದ್ದು ಆರೇಳು ಸೆಕೆಂಡು. ಆ ಗೊಜ್ಜಿನಲ್ಲಿ ಅವ್ರ ಕಿವಿಗೆ ಬಿದ್ದಿದ್ದು ಅದೊಂದೇ. ಎರಡನೇ ಸಲ ಹೋಗೋ ಪ್ಲಾನ್ ಅಲ್ಲಿಂದ ಹುಟ್ಟಿತು. ನೋಡೋ ಜಾಗಗಳ ಪಟ್ಟಿ ಹರಿದು ಹಾಕಿ ಕೇಳೋ ಶಬ್ದಗಳ ಪಟ್ಟಿ ಮಾಡಿದೆ. ಗೇಟ್ ತೆಗೆಯೋ ಮೊದಲಿನ ಜನರ ಗುಜುಗುಜು, ಕುಲುಮೆ, ಗಾಜು ಊದೋ ಕಡೆಯ ಬೆಂಕಿ, ಒಂಟಿ ವಾದ್ಯ ನುಡಿಸೋ ಒಬ್ಬ ಕಲಾವಿದ, ಕುದುರೆ ಕಾಳಗ, ಸಂಜೆ ಖಾಲಿ ಆಗ್ತಿರೋ ದಾರಿ. ಆರೇ ಆರು.

ಎರಡನೇ ಸಲ, ಕುಲುಮೆ ಮುಂದೆ 40 ನಿಮಿಷ

ಈ ಸಲ ನಡೀತಾ ರೆಕಾರ್ಡ್ ಮಾಡಬಾರದು ಅಂತ ತೀರ್ಮಾನ. ಒಂದು ಜಾಗಕ್ಕೆ ಹೋಗೋದು, ನಿಲ್ಲೋದು, ಕಮ್ಮಿ ಅಂದ್ರೆ ಎರಡು ನಿಮಿಷ ಉಸಿರು ಬಿಗಿ ಹಿಡಿದು ಶಬ್ದ ತಗೊಳ್ಳೋದು, ಆಮೇಲೆ ಚಿತ್ರ. ಮಗ ಹನ್ನೊಂದು ವರ್ಷದೋನು, ಅವನೇ ಸೌಂಡ್ ರೆಕಾರ್ಡಿಸ್ಟ್, ಹಳೇ ಫೋನು ಮತ್ತು ತುಪ್ಪಳದ ಮೈಕ್ ಅವನ ಕೈಲಿ. ಪ್ರತಿ ಸಲ ಶುರುಲಿ ಒಂದು ಚಪ್ಪಾಳೆ, ಕೊನೇಲಿ ಒಂದು ಚಪ್ಪಾಳೆ. ಎರಡೂ ಯಾಕೆ ಬೇಕು ಅಂತ ಮುಂದೆ ಹೇಳ್ತೀನಿ.

ಕಮ್ಮಾರನ್ನ ಮೊದಲು ಕೇಳಿದ್ವಿ, ನಮ್ಮಮ್ಮಂಗೋಸ್ಕರ ಶಬ್ದ ಹಿಡೀಬೇಕು ಹತ್ರ ನಿಲ್ಲಬಹುದಾ ಅಂತ. ಅವ್ರು ಖುಷಿಯಿಂದ ಒಪ್ಪಿ, ಕಿಡಿ ಹಾರುತ್ತೆ ಹಗ್ಗದಿಂದ ಈಚೆಗೇ ನಿಲ್ಲಿ ಅಂದ್ರು. ಇದ್ದಿಲು ಕೆಂಪಗಿತ್ತು. ಸರಳನ್ನ ಇಕ್ಕಳದಲ್ಲಿ ಹಿಡಿದು ತೆಗೆದಾಗ ತುದಿ ಹಳದಿ, ಮಾವಿನಹಣ್ಣಿನ ಬಣ್ಣ. ಅಡಿಗಲ್ಲ ಮೇಲಿಟ್ಟು ಮೊದಲ ಏಟು. ನಾನು ಅಂದ್ಕೊಂಡಿದ್ದು ಠಣ್ ಅನ್ನುತ್ತೆ ಅಂತ. ಇಲ್ಲ. ಕಾದ ಕಬ್ಬಿಣದ ಮೇಲಿನ ಏಟು ಮೆತ್ತಗೆ, ದಪ್ಪಗೆ, ಹಸೀ ಮಣ್ಣಿಗೆ ಹೊಡೆದಂಗೆ ಧಪ್ ಅನ್ನುತ್ತೆ. ಮಧ್ಯೆ ಅವ್ರು ಸರಳನ್ನ ತಿರುಗಿಸೋವಾಗ ಸುತ್ತಿಗೇನ ಬರೀ ಅಡಿಗಲ್ಲ ಮೇಲೆ ಹಗುರಕ್ಕೆ ಕುಣಿಸ್ತಾರೆ, ಟಿಣ್ ಟಿಣ್ ಅನ್ನೋದು ಅದು. ಧಪ್, ಟಿಣ್ ಟಿಣ್. ಧಪ್, ಟಿಣ್ ಟಿಣ್. ಸರಳು ಆರ್ತಾ ಬಂದಂಗೆ ಧಪ್ ಹೋಗಿ ನಿಧಾನಕ್ಕೆ ಢಣ್ ಆಗುತ್ತೆ, ಗಟ್ಟಿ ಆಗೋ ಕಬ್ಬಿಣದ ಸ್ವರ ಏರ್ತಾ ಹೋಗುತ್ತೆ, ಕೊನೆಗೆ ಅವ್ರು ಮತ್ತೆ ಕುಲುಮೆಗೆ ತುರುಕ್ತಾರೆ. ಕಣ್ಣು ಮುಚ್ಚಿದ್ರೆ ಕಬ್ಬಿಣ ಯಾವಾಗ ಬಿಸಿ ಇದೆ ಯಾವಾಗ ಆರಿದೆ ಅಂತ ಶಬ್ದದಲ್ಲೇ ಗೊತ್ತಾಗುತ್ತೆ. ನನಗೆ ಮೈ ಜುಂ ಅಂತು.

ಇಲ್ಲಿ ಒಂದು ಸೆಟ್ಟಿಂಗ್ ವಿಷಯ. ಫೋನಿನ ಮಾಮೂಲಿ ಕ್ಯಾಮೆರಾ ಆಪ್ ಶಬ್ದದ ಮಟ್ಟಾನ ತಾನೇ ಏರ್ಸಿ ಇಳಿಸುತ್ತೆ. ಸುತ್ತಿಗೆ ಏಟಿಗೆ ಬೆಚ್ಚಿ ಎಲ್ಲಾ ತಗ್ಗಿಸುತ್ತೆ, ಆಮೇಲೆ ಮೆಲ್ಲಗೆ ಏರಿಸುತ್ತೆ, ಆಗ ಹಿಂದಿನ ಜನರ ಮಾತು ಅಲೆ ಥರ ಬಂದು ಹೋಗುತ್ತೆ. ಹಳೇ ಫೋನಿನ ರೆಕಾರ್ಡಿಂಗ್ ಆಪಲ್ಲಿ ಇದನ್ನ ಆಫ್ ಮಾಡಿ ಮಟ್ಟಾನ ಕೈಯಾರೆ ಇಟ್ವಿ, ಅತಿ ಜೋರು ಏಟು ಮೈನಸ್ 6 ಡಿಬಿ ದಾಟದಂಗೆ (ಸೊನ್ನೆ ಮುಟ್ಟಿದ್ರೆ ಶಬ್ದ ಒಡೆಯುತ್ತೆ). ಧಪ್ ಮತ್ತು ಟಿಣ್ ನಡುವಿನ ವ್ಯತ್ಯಾಸ ಉಳಿದಿದ್ದು ಇದ್ರಿಂದಲೇ, ಕ್ಯಾಮೆರಾದ ಆಡಿಯೋದಲ್ಲಿ ಎರಡೂ ಒಂದೇ ಥರ ಕೇಳ್ತಿದ್ವು.

ಕುದುರೆ ಕಾಳಗ

ಜೌಸ್ಟಿಂಗ್ ಅಂದ್ರೆ ಉಕ್ಕಿನ ಕವಚ ತೊಟ್ಟ ಇಬ್ರು ಸವಾರರು ಎದುರು ಬದುರು ಕುದುರೆ ಓಡಿಸ್ಕೊಂಡು ಬಂದು ಉದ್ದನೆ ಭರ್ಜೀಲಿ ಒಬ್ರನ್ನೊಬ್ರು ತಿವಿಯೋದು. ಮೇರಿಲ್ಯಾಂಡ್‌ಗೆ ಇದ್ರ ಜೊತೆ ಖಾಸಾ ನಂಟಿದೆ, 1962ರಿಂದ ಈ ರಾಜ್ಯದ ಅಧಿಕೃತ ಕ್ರೀಡೆ ಜೌಸ್ಟಿಂಗೇ. ಆದ್ರೆ ಇಲ್ಲಿನ ಹಳ್ಳಿಗಳಲ್ಲಿ ನಡೆಯೋದು ತಿವಿಯೋ ಆಟ ಅಲ್ಲ, ಉಂಗುರದ ಆಟ. 80 ಗಜದ ಓಟ, 8 ಸೆಕೆಂಡ್ ಸಮಯ, ಮೂರು ಕಮಾನಿಗೆ ಉಂಗುರ ನೇತು ಹಾಕಿರ್ತಾರೆ, ಓಡೋ ಕುದುರೆ ಮೇಲಿಂದ ಭರ್ಜೀ ತುದೀಲಿ ಉಂಗುರ ಎತ್ಕೊಂಡು ಹೋಗ್ಬೇಕು. ಉಂಗುರ ಸಣ್ಣದಾಗ್ತಾ ಹೋಗಿ ಕೊನೆಗೆ ಕಾಲಿಂಚಿಗೆ ಬರುತ್ತೆ! ಜಾತ್ರೆಯಲ್ಲಿ ಜನ ಕಾಯೋದು ಮಾತ್ರ ಇಬ್ಬರ ಕಾಳಗಕ್ಕೆ.

ಮುಕ್ಕಾಲು ಗಂಟೆ ಮೊದಲೇ ಹೋಗಿ ಬೇಲಿ ಪಕ್ಕ ಕೂತ್ವಿ. ಇಲ್ಲಿ ಮರ ಇಲ್ಲ, ಬಯಲು, ಗಾಳಿ ಜೋರಿತ್ತು, ತುಪ್ಪಳದ ಚೀಲ ದುಡಿದಿದ್ದು ಇಲ್ಲೇ. ಮಗ ಮೈಕನ್ನ ಮಡಿಲಲ್ಲಿ ಇಟ್ಕೊಂಡು ಅಲ್ಲಾಡ್ದೆ ಕೂತ, ನಾನು ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟೆ. ಜನರನ್ನ ಎರಡು ಪಾಳಯ ಮಾಡಿ ಒಂದೊಂದು ಪಾಳಯ ಒಬ್ಬೊಬ್ಬ ಸವಾರನ ಪರ ಕೂಗ್ಬೇಕು, ಹುಜ್ಜಾ ಹುಜ್ಜಾ ಅಂತ. ಮೂರನೇ ಓಟದಲ್ಲಿ ಭರ್ಜಿ ಗುರಾಣಿಗೆ ತಾಗಿ ಮುರೀತು. ಒಡೀಲಿ ಅಂತಾನೇ ಹಗುರ ಮರದ ತುದಿ ಕೂರಿಸಿರ್ತಾರೆ, ಆದ್ರೂ ಆ ಸದ್ದು, ಒಣಗಿದ ಬಿದಿರು ಗಳ ಮಂಡಿಗೆ ಕೊಟ್ಟು ಮುರಿದಂಗೆ ಚಟಾರ್ ಅಂತ, ಅದಾದ ಅರೆಗಳಿಗೆ ಇಡೀ ಬಯಲು ಮೌನ. ಆಮೇಲೆ ಕೂಗು. ಆ ಅರೆಗಳಿಗೆ ಮೌನ ಸಿಕ್ಕಿದ್ದು ಈ ಇಡೀ ಕೆಲಸದಲ್ಲಿ ನನಗೆ ದಕ್ಕಿದ ದೊಡ್ಡ ಸಂಪತ್ತು.

ಜೋಡಣೆ, ರಿಪೇರಿ

ಮನೆಗೆ ಬಂದು ಚಿತ್ರ ಮತ್ತು ಬೇರೆ ರೆಕಾರ್ಡ್ ಮಾಡಿದ ಶಬ್ದಾನ ಮೊದಲ ಚಪ್ಪಾಳೆಗೆ ಹೊಂದಿಸಿ ಜೋಡಿಸಿದ್ರೆ ಶುರುಲಿ ಸರಿ, 20 ನಿಮಿಷದ ಕ್ಲಿಪ್‌ನ ಕೊನೇಲಿ ಅರ್ಧ ಸೆಕೆಂಡ್ ಹಿಂದೆ ಮುಂದೆ. ಕೊನೇ ಚಪ್ಪಾಳೆ ಇಲ್ಲದಿದ್ರೆ ನನಗಿದು ಗೊತ್ತೇ ಆಗ್ತಿರ್ಲಿಲ್ಲ, ಎಲ್ಲೋ ಏನೋ ಸರಿ ಇಲ್ಲ ಅನ್ಕೊಂಡು ಸುಮ್ನಾಗ್ತಿದ್ದೆ. ಕಾರಣ ಎರಡು. ಫೋನು ಪ್ರತಿ ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ತೆಗೆಯಲ್ಲ, ಬೆಳಕು ಬಿಸಿ ನೋಡ್ಕೊಂಡು ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಮಾಡುತ್ತೆ, ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಎಲ್ಲಾ ಒಂದೇ ಸಮ ಇದೆ ಅಂದ್ಕೊಳ್ಳುತ್ತೆ. ಇದಕ್ಕೆ ಮದ್ದು, ಎಡಿಟ್ ಶುರು ಮಾಡೋ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಹಾಕಿ ಕಾನ್ಸ್‌ಟಂಟ್ ಫ್ರೇಮ್‌ರೇಟ್ 30 ಅಂತ ಇಟ್ಟು ಎಲ್ಲಾ ಕ್ಲಿಪ್ ಪರಿವರ್ತನೆ ಮಾಡ್ಕೊಳ್ಳೋದು, ರಾತ್ರಿ ಬಿಟ್ಟು ಮಲಗಿದ್ರೆ ಬೆಳಗ್ಗೆ ಆಗಿರುತ್ತೆ. (ಸ್ಲೋ ಮೋಷನ್ ಕ್ಲಿಪ್‌ಗಳನ್ನ ಇದರಲ್ಲಿ ಹಾಕ್ಬೇಡಿ, 240 ಫ್ರೇಮ್ ಹೋಗಿ 30 ಆಗುತ್ತೆ.) ಆಮೇಲೂ ಎರಡು ಫ್ರೇಮ್ ವ್ಯತ್ಯಾಸ ಉಳೀತು, ಅದು ಎರಡು ಫೋನಿನ ಗಡಿಯಾರ ಒಂದೇ ವೇಗದಲ್ಲಿ ಓಡದೇ ಇರೋದ್ರಿಂದ. ಮಧ್ಯದಲ್ಲಿ ಮೌನ ಇರೋ ಜಾಗ ನೋಡಿ ಕತ್ತರಿಸಿ ಒಂದೊಂದು ಫ್ರೇಮ್ ಸರಿಸಿದೆ, ಆಯ್ತು.

4ಕೆ ಕ್ಲಿಪ್ ಈ ಲ್ಯಾಪ್‌ಟಾಪಲ್ಲಿ ಮುಗ್ಗರಿಸ್ತಾ ಓಡ್ತಿತ್ತು, ರಿಸಾಲ್ವ್‌ನಲ್ಲೇ ಪ್ರಾಕ್ಸಿ (ಎಡಿಟ್ ಮಾಡೋವಾಗ ಮಾತ್ರ ಬಳಸೋ ಹಗುರ ನಕಲು) ಮಾಡ್ಕೊಂಡ್ಮೇಲೆ ಸಲೀಸಾಯ್ತು. ಇದ್ರ ಬಗ್ಗೆ ಬೇಕಾದಷ್ಟು ಕಡೆ ಬರ್ದಿದ್ದಾರೆ, ಬಿಡಿ.

ಸ್ಲೋ ಮೋಷನ್‌ಗೆ ಶಬ್ದ ಕೂರಿಸೋದು ಯೋಚನೆ ಮಾಡಿಸ್ತು. ಚಿತ್ರ ಎಂಟು ಪಟ್ಟು ನಿಧಾನ ಆದಾಗ ಅದ್ರ ಶಬ್ದಾನೂ ನಿಧಾನ ಮಾಡಿದ್ರೆ ಗೊರಕೆ ಥರ ಆಗುತ್ತೆ. ನಾನು ಮಾಡಿದ್ದು, ಕುದುರೆ ಓಟ ಮಾಮೂಲಿ ವೇಗದಲ್ಲಿ ಶಬ್ದ ಸಮೇತ, ಭರ್ಜಿ ತಾಗೋ ಫ್ರೇಮಿಂದ ಚಿತ್ರ ನಿಧಾನ, ಆ ಫ್ರೇಮಲ್ಲೇ ಚಟಾರ್ ಶಬ್ದ ನಿಜವಾದ ವೇಗದಲ್ಲಿ, ಆಮೇಲೆ ಚೂರುಗಳು ಗಾಳೀಲಿ ತಿರುಗ್ತಾ ಬೀಳೋವರೆಗೂ ಆ ಮೌನಾನೇ ಎಳೆದು ಇಟ್ಟೆ, ಬರೀ ಗಾಳಿ ಮತ್ತೆ ದೂರದ ಒಂದು ಗಂಟೆ. ಅಮ್ಮಂಗೆ ಚೂರು ಕಾಣಲ್ಲ, ಆದ್ರೆ ಏನೋ ದೊಡ್ಡದಾಯ್ತು ಅಂತ ಆ ಮೌನ ಹೇಳುತ್ತೆ.

ಗಾಳಿಯ ಗುಂಯ್ ಸ್ವಲ್ಪ ಉಳಿದಿತ್ತು, 100 ಹರ್ಟ್ಸ್‌ಗಿಂತ ತಗ್ಗಿನ ಸ್ವರಾನೆಲ್ಲ ಕತ್ತರಿಸಿದ ಮೇಲೆ ಹೋಯ್ತು. ಹೆಡ್‌ಫೋನಲ್ಲಿ ಕೇಳಿದ್ರೆ ಗೊರಸಿನ ಸದ್ದು ಎದೆಗೆ ಬಡಿದಂಗಿತ್ತು, ತುಂಬಾ ಖುಷಿಯಾಗಿ ಅಪ್ಪಂಗೆ ಆ ತುಣುಕು ಕಳಿಸ್ದೆ. "ಕುದುರೀನೇ ಕೇಳಂಗಿಲ್ಲಲ್ಲಮ್ಮ" ಅಂದ್ರು ಅಪ್ಪ. ಮೊದಲು ಅರ್ಥ ಆಗ್ಲಿಲ್ಲ. ಆಮೇಲೆ ನನ್ನ ಫೋನಿನ ಸ್ಪೀಕರಲ್ಲೇ ಹಾಕಿ ನೋಡಿದ್ರೆ ನಿಜ, ಗೊರಸು ಮಾಯ! ಅಂಗಳಕ್ಕೆ ಮರಳು ಹಾಕಿರೋದ್ರಿಂದ ಗೊರಸಿನ ಸದ್ದೆಲ್ಲ ತಗ್ಗಿನ ಸ್ವರ, ಫೋನಿನ ಪುಟಾಣಿ ಸ್ಪೀಕರಿಗೆ ಅಷ್ಟು ತಗ್ಗಿನದನ್ನ ಹೊರಡಿಸೋ ಶಕ್ತಿ ಇಲ್ಲ. ಜೋರು ಮಾಡಿದ್ರೆ ಉಪಯೋಗ ಇಲ್ಲ, ಇಲ್ಲದ್ದು ಜೋರಾಗಲ್ಲ. ಆಗ ಮಗನ ರೆಕಾರ್ಡಿಂಗ್ ಮತ್ತೆ ಕೇಳ್ದೆ. ಗೊರಸಿನ ಜೊತೆ ಜೊತೇಲೇ ಜೀನಿನ ಕೊಂಡಿ, ಕವಚದ ತಗಡು ಝಲ್ ಝಲ್ ಅಂತ ಅದೇ ಲಯದಲ್ಲಿ ಕುಣೀತಿತ್ತು. ಅದು ಎತ್ತರದ ಸ್ವರ, ಫೋನಲ್ಲಿ ಸ್ಪಷ್ಟ ಕೇಳುತ್ತೆ. ಈಕ್ವಲೈಸರಲ್ಲಿ (ತಗ್ಗು, ಎತ್ತರದ ಸ್ವರಗಳನ್ನ ಬೇರೆ ಬೇರೆಯಾಗಿ ಏರ್ಸಿ ಇಳಿಸೋದು) 2,000ದಿಂದ 4,000 ಹರ್ಟ್ಸ್ ನಡುವೆ ಎತ್ತಿದೆ, ಗೊರಸಿನ ಟ್ರ್ಯಾಕ್‌ಗೆ ಸ್ವಲ್ಪ ಸ್ಯಾಚುರೇಶನ್ ಕೊಟ್ಟೆ, ಅದು ತಗ್ಗಿನ ಸ್ವರದ ಮೇಲಿನ ಪದರಗಳನ್ನ ಹುಟ್ಟಿಸುತ್ತೆ, ಆಗ ಕಿವಿ ಆ ತಗ್ಗನ್ನ ತಾನೇ ಊಹಿಸ್ಕೊಳ್ಳುತ್ತೆ. ಎರಡನೇ ಸಲ ಕಳಿಸಿದಾಗ ಅಪ್ಪ "ಈಗ ಬಂತು ಕುದುರಿ" ಅಂದ್ರು. ಅವತ್ತಿಂದ ಪ್ರತಿ ಮಿಕ್ಸನ್ನೂ ಹೆಡ್‌ಫೋನಲ್ಲಿ ಮಾಡಿ ಫೋನ್ ಸ್ಪೀಕರಲ್ಲಿ ಪಾಸ್ ಮಾಡ್ತಿದ್ದೀನಿ. ಯಾರು ಯಾವುದ್ರಲ್ಲಿ ಕೇಳ್ತಾರೋ ಅದ್ರಲ್ಲೇ ಪರೀಕ್ಷೆ ಆಗ್ಬೇಕು.

ಮಾತು

ಮೊದಲ ಸ್ಕ್ರಿಪ್ಟ್ ಪೂರ್ತಿ ಮಾಹಿತಿ. ಯಾವಾಗ ಶುರು, ಎಷ್ಟು ಎಕರೆ, ಯಾವ ರಾಜ. ಓದಿದ್ರೆ ನನಗೇ ರುಚಿಸ್ಲಿಲ್ಲ. ಹೊಸಪೇಟೆಯಲ್ಲಿ ಕೂತೋರಿಗೆ 8ನೇ ಹೆನ್ರಿ ಯಾರು ಅಂತ ಹೇಗೆ ಹೇಳೋದು ಅಂತ ಎರಡು ದಿನ ತಲೆ ಕೆಡಿಸ್ಕೊಂಡೆ. ಇಸವಿ ನೋಡ್ತಾ ಇರ್ಬೇಕಾದ್ರೆ ಕಣ್ಣಿಗೆ ಬಿತ್ತು, ಹೆನ್ರಿ ಪಟ್ಟಕ್ಕೆ ಬಂದಿದ್ದು 1509ರಲ್ಲಿ. ನಮ್ಮ ಕೃಷ್ಣದೇವರಾಯ ಪಟ್ಟಕ್ಕೆ ಬಂದಿದ್ದೂ 1509ರಲ್ಲಿ! ಅಷ್ಟೇ ಅಲ್ಲ, 1520ರ ಜೂನ್‌ನಲ್ಲಿ ಹೆನ್ರಿ ಫ್ರಾನ್ಸಿಗೆ ಹೋಗಿ ಅಲ್ಲಿನ ರಾಜ ಮೊದಲನೇ ಫ್ರಾನ್ಸಿಸ್‌ನ ಭೇಟಿ ಮಾಡ್ದಾಗ ಜರತಾರಿ ಬಟ್ಟೆಯ ಡೇರೆಗಳು, ವಾರಗಟ್ಟಲೆ ಹಬ್ಬ, ಇದೇ ಕುದುರೆ ಕಾಳಗ. ಹೆಚ್ಚೂಕಮ್ಮಿ ಅದೇ ಹೊತ್ತಿಗೆ ಪೋರ್ಚುಗಲ್‌ನವನಾದ ಡೊಮಿಂಗೊ ಪೇಸ್ ನಮ್ಮ ಹಂಪೀಲಿ ನಿಂತು ಮಹಾನವಮಿ ನೋಡಿ ಬರೀತಿದ್ದ, ಸಿಂಗರಿಸಿದ ಕುದುರೆ, ಜಟ್ಟಿಗಳ ಕಾಳಗ, ಬಾಣಬಿರುಸು. ಚಿಕ್ಕೋರಿದ್ದಾಗ ಅಪ್ಪನ ಜೊತೆ ಸೈಕಲಲ್ಲಿ ಹೋಗಿ ಮಹಾನವಮಿ ದಿಬ್ಬದ ಮೆಟ್ಲು ಮೇಲೆ ಕೂತು ಬುತ್ತಿ ತಿಂದೋರು ನಾವು, ಅಲ್ಲಿ ಕಲ್ಲಲ್ಲಿ ಕೆತ್ತಿರೋ ಕುದುರೆಗಳನ್ನ ಎಣಿಸಿದೋರು.

ಸ್ಕ್ರಿಪ್ಟ್ ಹೊಸದಾಗಿ ಬರೆದೆ. ಶುರುವಿನ ಸಾಲೇ ಬದಲಾಯ್ತು: "ಅಮ್ಮಾ, ನಮ್ಮ ಕೃಷ್ಣದೇವರಾಯ ದಿಬ್ಬದ ಮೇಲೆ ಕೂತು ದಸರಾ ನೋಡ್ತಿದ್ದಾಗ, ಸಮುದ್ರದಾಚೆ ಇನ್ನೊಬ್ಬ ರಾಜನ ಊರಲ್ಲಿ ಜಾತ್ರೆ ಹೆಂಗಿತ್ತು ಅಂತ ತೋರಿಸ್ತೀನಿ ಬಾ." ಇದಾದ್ಮೇಲೆ ಮಿಕ್ಕಿದ್ದು ಸರಾಗ ಬಂತು. ಭರ್ಜಿ ಮುರಿಯೋ ಜಾಗಕ್ಕೆ ಮುಂಚೆ ಎರಡೇ ವಾಕ್ಯ, 1536ರಲ್ಲಿ ಹೆನ್ರಿ ಇದೇ ಆಟದಲ್ಲಿ ಕುದುರೆ ಸಮೇತ ಬಿದ್ದ, ಫ್ರಾನ್ಸಿನ 2ನೇ ಹೆನ್ರಿ ಅನ್ನೋ ರಾಜ 1559ರಲ್ಲಿ ಮುರಿದ ಭರ್ಜಿ ಚೂರು ಕಣ್ಣಿಗೆ ಹೊಕ್ಕು ಸತ್ತೇ ಹೋದ. ಅಪಾಯ ಗೊತ್ತಾದ್ಮೇಲೆ ಗೊರಸಿನ ಸದ್ದು ಕೇಳೋ ರೀತೀನೇ ಬೇರೆ.

ತಿಂಡಿ ಬಗ್ಗೆ ಅಮ್ಮ ಕೇಳೇ ಕೇಳ್ತಾರೆ ಅಂತ ಗೊತ್ತಿತ್ತು, ಇಲ್ಲಿ ಎಲ್ರ ಕೈಲೂ ಇರೋದು ಟರ್ಕಿ ಕೋಳಿಯ ಕಾಲು. ಆ ಹಕ್ಕಿ ಅಮೆರಿಕದ್ದು, ಯುರೋಪಿಗೆ ಹೋಗಿದ್ದು ಆ ಕಾಲದಲ್ಲೇ. ನಮ್ಮ ಮೆಣಸಿನಕಾಯಿನೂ ಅಮೆರಿಕದ್ದೇ, ಪೋರ್ಚುಗೀಸ್ ಹಡಗಿನಲ್ಲಿ ನಮ್ಮ ಕಡೆಗೆ ಬಂದಿದ್ದು. ರೊಟ್ಟಿ ಜೊತೆ ಕೆಂಪು ಖಾರ ತಿನ್ನೋ ಅಮ್ಮಂಗೆ ಇದನ್ನ ಹೇಳೋದು ನನಗೆ ಬಹಳ ಇಷ್ಟ ಆಯ್ತು.

ದನಿ ರೆಕಾರ್ಡ್ ಮಾಡಿದ್ದು ಬಟ್ಟೆ ಇಡೋ ಕ್ಲಾಸೆಟ್ ಒಳಗೆ. ಎರಡೂ ಕಡೆ ಸೀರೆ ತೂಗಾಡ್ತಿರ್ತಾವೆ, ಬಾಗ್ಲ ಮೇಲೆ ಅಜ್ಜಿ ಹೊಲಿದ ಕೌದಿ ಇಳಿಬಿಟ್ಟೆ, ಗೋಡೆಗೆ ಬಡಿದು ವಾಪಸ್ ಬರೋ ಸದ್ದು ಪೂರ್ತಿ ನಿಂತ್ತು. ಮೈಕ್ ಬಾಯಿಂದ ಒಂದು ಗೇಣು, ಸ್ವಲ್ಪ ಪಕ್ಕಕ್ಕೆ, ಇಲ್ಲಾಂದ್ರೆ ಪ ಬ ಅಕ್ಷರ ಫಟ್ ಅನ್ನುತ್ತೆ. ಫ್ರಿಜ್ ಆಫ್ ಮಾಡಿದ್ದೆ, ಮರೀಬಾರ್ದು ಅಂತ ಕಾರಿನ ಕೀ ಫ್ರಿಜ್ ಒಳಗೇ ಇಟ್ಟಿದ್ದೆ. ನೋಡ್ಕೊಂಡು ಓದಿದ್ದು ಓದಿದಂಗೇ ಕೇಳ್ತಿತ್ತು, ಕೊನೆಗೆ ಅಮ್ಮನ ಫೋಟೋ ಸೀರೆಗೆ ಪಿನ್ ಮಾಡಿ ಅವ್ರಿಗೇ ಹೇಳಿದಂಗೆ ಹೇಳ್ದೆ, ಮೂರನೇ ಟೇಕ್ ಇಟ್ಕೊಂಡೆ. ಒಂದೆರಡು ಕಡೆ ತಡವರಿಸಿದ್ದೀನಿ, ತೆಗೀಲಿಲ್ಲ.

ಸಂಗೀತಕ್ಕೆ ಹೊರಗಿನ ಹಾಡು ಏನೂ ಹಾಕ್ಲಿಲ್ಲ. ಮರದ ಕೆಳಗೆ ಒಬ್ರು ಹಿಡಿ ತಿರುಗಿಸಿ ನುಡಿಸೋ ಹರ್ಡಿ ಗರ್ಡಿ ಅನ್ನೋ ತಂತಿ ವಾದ್ಯ ನುಡಿಸ್ತಿದ್ರು, ತಂಬೂರಿ ಥರ ಒಂದು ಶ್ರುತಿ ಸದಾ ಹರೀತಿರುತ್ತೆ, ಅದ್ರ ಮೇಲೆ ರಾಗ. ಅವ್ರನ್ನ ಕೇಳಿ, ಟೋಪಿಗೆ ದುಡ್ಡು ಹಾಕಿ, 25 ಸೆಕೆಂಡ್ ಬಳಸ್ಕೊಂಡೆ. ಕಲಾವಿದರಿಗೆ ಟೋಪಿಗೆ ಬೀಳೋ ದುಡ್ಡು ಬಹಳ ಮುಖ್ಯ, ವಿಡಿಯೋ ಮಾಡೋರು ದಯವಿಟ್ಟು ಸುಮ್ನೆ ಹಿಡ್ಕೊಂಡು ಹೋಗ್ಬೇಡಿ. ಹಂಗೇ ಬೇರೆಯವ್ರ ಮಕ್ಕಳ ಮುಖ ಹತ್ತಿರದಿಂದ ಬಂದ ಶಾಟ್ ಎಲ್ಲಾ ತೆಗೆದುಹಾಕಿದ್ದೀನಿ, ಎರಡು ಒಳ್ಳೇ ಶಾಟ್ ಹೋದ್ವು, ಹೋಗ್ಲಿ.

ಕಳಿಸಿದ್ದು

ಕೊನೆಗೆ ಉಳಿದಿದ್ದು 11 ನಿಮಿಷ 40 ಸೆಕೆಂಡ್. ಅದ್ರಲ್ಲಿ ಕುಲುಮೆಗೇ ಎರಡೂವರೆ ನಿಮಿಷ ಕೊಟ್ಟಿದ್ದೀನಿ, ನಮ್ಮನೆಯವ್ರು ಜಾಸ್ತಿ ಆಯ್ತು ಅಂದ್ರು, ನಾನು ಒಪ್ಲಿಲ್ಲ. ಅಲ್ಲಿ ಮಾತು ಬರೀ ಒಂದು ಸಾಲು, "ಈಗ ಕಬ್ಬಿಣ ಬಿಸಿ ಇದೆ, ಆರೋದನ್ನ ಕೇಳು." 1080ಗೆ ಇಳಿಸಿ ಎಕ್ಸ್‌ಪೋರ್ಟ್ ಮಾಡ್ದೆ, ಶಬ್ದದ ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಒಟ್ಟಾರೆ ಎಷ್ಟು ಜೋರು ಕೇಳುತ್ತೆ ಅನ್ನೋದ್ರ ಅಳತೆ). ವಾಟ್ಸಾಪಲ್ಲಿ ವಿಡಿಯೋ ಅಂತ ಕಳಿಸಿದ್ರೆ ಹಿಂಡಿ ಹಿಪ್ಪೆ ಮಾಡುತ್ತೆ, ಅದಕ್ಕೆ ಡಾಕ್ಯುಮೆಂಟ್ ಅಂತ ಸೇರಿಸಿ ಕಳಿಸ್ದೆ, ಹಂಗೆ 2 ಜಿಬಿವರೆಗೂ ಹೋಗುತ್ತೆ, ಗುಣಮಟ್ಟಾನೂ ಹಂಗೇ ಉಳಿಯುತ್ತೆ.

ಭಾನುವಾರ ಬೆಳಗ್ಗೆ ಅಲ್ಲಿ ಅಮ್ಮ ಅಂಗಳದ ಕಟ್ಟೆ ಮೇಲೆ ಕೂತು ಕೇಳಿದ್ರಂತೆ, ಪಕ್ಕದ್ಮನೆಯವ್ರೂ ಬಂದಿದ್ರಂತೆ. ಭರ್ಜಿ ಮುರಿದ ಜಾಗದಲ್ಲಿ "ಬಿದ್ದನಾ?" ಅಂತ ಕೇಳಿದ್ರಂತೆ. ಆಮೇಲೆ ಫೋನ್ ಮಾಡಿ ಮಾತಾಡಿದ್ದು ಮಾತ್ರ ಕುಲುಮೆ ಬಗ್ಗೆ. ಅವ್ರ ತವರಲ್ಲಿ ಮನೆ ಹಿಂದೇನೇ ಕಮ್ಮಾರರ ಮನೆ ಇತ್ತಂತೆ, ನೇಗಿಲ ಗುಳ ಬಡಿಯೋ ಸದ್ದಿಗೇ ಬೆಳಗ್ಗೆ ಎಚ್ಚರ ಆಗ್ತಿತ್ತಂತೆ, ತಿದಿ (ಕುಲುಮೆಗೆ ಗಾಳಿ ಊದೋ ಚೀಲ) ಒತ್ತೋಕೆ ಅಮ್ಮನ್ನೇ ಕೂರಿಸ್ತಿದ್ರಂತೆ. ಇಷ್ಟು ವರ್ಷದಲ್ಲಿ ನನಗೆ ಇದನ್ನ ಯಾವತ್ತೂ ಹೇಳಿರ್ಲಿಲ್ಲ. "ನಿಮ್ಮ ಕಮ್ಮಾರ್ಗೆ ತಿದಿ ಯಾರು ಒತ್ತತಾರವ್ವಾ, ಆ ಸಪ್ಪಳ ಬರ್ಲಿಲ್ಲ ನೋಡು" ಅಂದ್ರು.

ಅಲ್ಲಿ ತಿದಿ ಇತ್ತು, ಹಿಂದುಗಡೆ ಮರದ್ದು, ದೊಡ್ಡದು. ನನ್ನ ಮೈಕ್ ಅಡಿಗಲ್ಲ ಕಡೆ ತಿರುಗಿತ್ತು. ಮುಂದಿನ ಸೀಸನ್‌ಗೆ ಮಗ ಈಗಲೇ ಇನ್ನೊಂದು ತುಪ್ಪಳದ ಚೀಲ ಹೊಲೀತಿದ್ದಾನೆ, ಎರಡನೇ ಮೈಕ್ ತಿದಿ ಹತ್ರ ಇಡೋಕೆ.